ಜೀನು ಕೊಳ್ಳುವ ಮೊದಲು ಕುದುರೆಯ ಬೆನ್ನು ಅಳೆಯಿರಿ

ಜೀನು ಹಿಡಿದು ಹತ್ತಿರ ಹೋದರೆ ಸಾಕು, ನಮ್ಮ ಹೆಣ್ಣು ಕುದುರೆ ಕಿವಿ ಹಿಂದಕ್ಕೆ ಒತ್ತಿಕೊಳ್ಳುತ್ತಿದ್ದಳು. ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬರುತ್ತಿದ್ದಳು. ಮೇಲೆ ಕೂತರೆ ಬೆನ್ನು ಕಲ್ಲಿನಂತೆ ಗಟ್ಟಿ, ಹೆಜ್ಜೆ ಚಿಕ್ಕ ಚಿಕ್ಕದು. "ರೇಸಿನಿಂದ ಬಂದ ಕುದುರೆ, ಸ್ವಭಾವವೇ ಹೀಗೆ" ಅಂತ ಎಲ್ಲರೂ ಹೇಳಿದರು. ನಾನೂ ನಂಬಿದ್ದೆ.

ಪುಣೆಯ ಹೊರಗೆ, ಮುಳಶಿ ರಸ್ತೆಯ ಕಡೆ ಇರುವ ನಮ್ಮ ಲಾಯದಲ್ಲಿ ವಿಜಯಪುರ ಜಿಲ್ಲೆಯ ಹಿರಿಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಒಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಒಂದು ದಿನ ಅವರು ಜೀನು ಇಳಿಸಿ, ಅವಳ ಬೆನ್ನುದ್ದಕ್ಕೂ ಬೆರಳು ಒತ್ತುತ್ತಾ ಹೋದರು. ಹೆಗಲಿನ ಹಿಂದೆ ಕೈ ಬಂದ ಕೂಡಲೇ ಚರ್ಮ ಅದುರಿತು, ಬೆನ್ನು ಕೆಳಗೆ ಕುಸಿಯಿತು. "ಅಕ್ಕಾರ, ಆಕಿಗೆ ಸಿಟ್ಟಿಲ್ರಿ, ನೋವೈತಿ" ಅಂದರು. ಆ ಜೀನು ಕೊಂಡವಳು ನಾನೇ. ನನ್ನ ಅಳತೆ ನೋಡಿ ಕೊಂಡಿದ್ದೆ. ಅವಳ ಅಳತೆ ತೆಗೆದಿರಲೇ ಇಲ್ಲ.

ಬಳೆಗಾರ ಏನು ಮಾಡುತ್ತಾನೆ? ಬಳೆ ತೋರಿಸುವ ಮೊದಲು ಕೈ ಹಿಡಿದು, ಗೆಣ್ಣು ಒತ್ತಿ ನೋಡುತ್ತಾನೆ. ಪುಣೆಯ ತುಳಶಿಬಾಗ್ ಪೇಟೆಯ ಗದ್ದಲದಲ್ಲೂ ಅದನ್ನು ತಪ್ಪಿಸುವುದಿಲ್ಲ. ಜೀನಿನ ವಿಷಯದಲ್ಲಿ ನಾವು ಮಾಡಬೇಕಾದದ್ದೂ ಅದೇ.

ಮೊದಲು ನೋವಿನ ಜಾಗ ಹುಡುಕಿ

ಎಲ್ಲ ತಪ್ಪೂ ಜೀನಿನದೇ ಇರಬೇಕಿಲ್ಲ. ಹಾಗಾಗಿ ಮೊದಲು ಪಶುವೈದ್ಯರಿಗೆ ತೋರಿಸಿ. ಹಲ್ಲು ಚೂಪಾಗಿದ್ದರೆ ಕುದುರೆ ಕಡಿವಾಣಕ್ಕೆ ತಲೆ ಎತ್ತಾಡಿಸುತ್ತದೆ. ಹೊಟ್ಟೆಯಲ್ಲಿ ಅಲ್ಸರ್ ಇದ್ದರೆ ಪಟ್ಟಿ ಬಿಗಿಯುವಾಗ ಕಚ್ಚಲು ಬರಬಹುದು. ರೇಸ್ ಕುದುರೆಗಳಲ್ಲಿ ಅಲ್ಸರ್ ಜಾಸ್ತಿ. ಕಾಲು ನೋವಿದ್ದರೆ ಬೆನ್ನೂ ಬಿಗಿಯುತ್ತದೆ.

ಆಮೇಲೆ ನೀವೇ ಮುಟ್ಟಿ ನೋಡಿ. ಹೆಗಲಿನಿಂದ ಸೊಂಟದವರೆಗೆ, ಬೆನ್ನುಮೂಳೆಯ ಎರಡೂ ಬದಿ, ಬೆರಳ ತುದಿಯಿಂದಲ್ಲ, ಬೆರಳಿನ ಮೆತ್ತನೆಯ ಭಾಗದಿಂದ ನಿಧಾನವಾಗಿ ಒತ್ತಿ. ಎಲ್ಲಿ ಅದುರುತ್ತದೆ, ಎಲ್ಲಿ ಬಿಸಿ ಇದೆ, ಎಲ್ಲಿ ಊತ ಇದೆ ಅಂತ ಬರೆದಿಡಿ. ಕಪ್ಪು ಅಥವಾ ಕಂದು ಕುದುರೆಯ ಜೀನಿನ ಜಾಗದಲ್ಲಿ ಬಿಳಿ ಕೂದಲ ಮಚ್ಚೆ ಕಂಡರೆ, ಅದು ಹಳೆಯ ಒತ್ತಡದ ಗುರುತು ಇರಬಹುದು. ಗಾಯ ಆಗಿದ್ದರೆ ಅರಿಶಿನ ಹಚ್ಚಿ ಮೇಲೆ ಜೀನು ಹೇರುವುದು ಬೇಡವೇ ಬೇಡ. ಪೂರ್ತಿ ಮಾಯುವವರೆಗೆ ಸವಾರಿ ನಿಲ್ಲಿಸಿ.

ಅಳತೆ ತೆಗೆಯುವುದು

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಬೇಕಾಗುವುದು ಬಗ್ಗಿಸಿದರೆ ಹಾಗೇ ನಿಲ್ಲುವ ಫ್ಲೆಕ್ಸಿಬಲ್ ಕರ್ವ್ ಪಟ್ಟಿ, ದಪ್ಪ ಡ್ರಾಯಿಂಗ್ ಶೀಟು, ಸೀಮೆಸುಣ್ಣ. ನನಗೆ ಇವೆಲ್ಲ ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕವು. ಪಟ್ಟಿ 60 ಸೆಂಟಿಮೀಟರ್ ಇದ್ದರೆ ಒಳ್ಳೆಯದು.

ಕುದುರೆಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಕಾಲು ನೇರ ಇರಲಿ, ತಲೆ ಮುಂದಕ್ಕೆ ಇರಲಿ. ಹುಲ್ಲು ತಿನ್ನಲು ಬಗ್ಗಿದರೆ ಬೆನ್ನಿನ ಆಕಾರವೇ ಬದಲಾಗುತ್ತದೆ. ಈಗ ಕೈಯಿಂದ ಹೆಗಲಿನ ಮೂಳೆಯ ಹಿಂದಿನ ಅಂಚು ಹುಡುಕಿ, ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮುಂಗಾಲು ಮುಂದೆ ಹೋದಾಗ ಈ ಮೂಳೆಯ ಮೇಲ್ಭಾಗ ಹಿಂದಕ್ಕೆ ಜಾರುತ್ತದೆ. ಬೇಕಾದರೆ ಯಾರಾದರೂ ಮುಂಗಾಲು ಎತ್ತಿ ಮುಂದಕ್ಕೆ ಚಾಚಲಿ, ನೀವು ಅಲ್ಲಿ ಕೈ ಇಟ್ಟಿರಿ. ಮೂಳೆ ನಿಮ್ಮ ಅಂಗೈಗೆ ಬಂದು ತಾಗುತ್ತದೆ. ನನಗೆ ಇದು ಗೊತ್ತಾದ ದಿನ ಅವಳ ಚಿಕ್ಕ ಹೆಜ್ಜೆಯ ಕಾರಣ ಅರ್ಥವಾಯಿತು. ಪ್ರತಿ ಹೆಜ್ಜೆಗೂ ಆ ಮೂಳೆ ಜೀನಿಗೆ ಬಡಿಯುತ್ತಿತ್ತು.

ಮುಂದೆ ಕೊನೆಯ ಪಕ್ಕೆಲುಬು ಹುಡುಕಿ. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಕೊನೆಯದನ್ನು ಕೆಳಗಿನಿಂದ ಬೆರಳಲ್ಲಿ ಹಿಡಿದು ಮೇಲಕ್ಕೆ ಹೋಗಿ, ಅಲ್ಲೂ ಗೆರೆ ಎಳೆಯಿರಿ. ಈ ಎರಡು ಗೆರೆಗಳ ನಡುವೆ ಇರುವಷ್ಟೇ ಜಾಗ ಜೀನಿನದು. ಅದರಾಚೆ ಸೊಂಟ. ಅಲ್ಲಿ ಭಾರ ಹೊರಲು ಪಕ್ಕೆಲುಬಿನ ಆಸರೆ ಇಲ್ಲ.

ಹೆಗಲಿನ ಗೆರೆಯಿಂದ ಎರಡು ಬೆರಳು ಹಿಂದೆ ಪಟ್ಟಿಯನ್ನು ಬೆನ್ನಿಗೆ ಅಡ್ಡಲಾಗಿ ಒತ್ತಿ. ಆಕಾರ ಕೆಡದಂತೆ ಎತ್ತಿ, ಶೀಟಿನ ಮೇಲಿಟ್ಟು ಒಳಗಿನ ಅಂಚು ಗುರುತು ಮಾಡಿ. ಹೀಗೇ ಬೆನ್ನಿನ ತಗ್ಗಿನಲ್ಲಿ ಒಂದು, ಕೊನೆಯ ಪಕ್ಕೆಲುಬಿನ ಹತ್ತಿರ ಒಂದು. ಕೊನೆಗೆ ಬೆನ್ನಿನ ಉದ್ದಕ್ಕೆ ಇನ್ನೊಂದು. ಎಡ ಯಾವುದು, ಬಲ ಯಾವುದು ಅಂತ ಆಗಲೇ ಬರೆಯಿರಿ, ಆಮೇಲೆ ನೆನಪಿರುವುದಿಲ್ಲ. ತಾರೀಕೂ ಹಾಕಿ. ಶೀಟು ಕತ್ತರಿಸಿ ಮತ್ತೆ ಬೆನ್ನಿಗೆ ಹಿಡಿದರೆ ಬೆಳಕು ನುಸುಳಬಾರದು. ಎರಡೂ ಬದಿ ಒಂದೇ ಸಮ ಬರದಿದ್ದರೆ ಗಾಬರಿ ಬೇಡ, ಬಹಳ ಕುದುರೆಗಳು ಹಾಗೇ ಇರುತ್ತವೆ.

ಭಾರತದ ಜೀನುಗಳಿಗೆ ಕಾನ್ಪುರ ದೊಡ್ಡ ಊರು. ಅಲ್ಲಿನ ಜೀನು ಕೆಲಸಕ್ಕೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ದೂರದಿಂದ ತರಿಸುವುದಾದರೆ ಶೀಟಿನ ಗೆರೆಗಳ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆದು ಕಳಿಸಿ. ಅಂಗಡಿಯವರು "17 ಬೇಕಾ, 17.5 ಬೇಕಾ" ಅಂತ ಕೇಳುತ್ತಾರೆ. ಅದು ಸೀಟಿನ ಇಂಚು, ಸವಾರರ ಅಳತೆ. ಕುದುರೆಗೆ ಬೇಕಾದದ್ದು ಒಳಗಿನ ಚೌಕಟ್ಟಿನ ಅಗಲ. ಅದಕ್ಕೆ ಟ್ರೀ ಅನ್ನುತ್ತಾರೆ. ಅದನ್ನು ನೀವೇ ಕೇಳಿ. ಜೀನಿನ ತಳದಲ್ಲಿ ಬೆನ್ನಿಗೆ ತಾಗುವ ಮೆತ್ತೆಗೆ ಪ್ಯಾನೆಲ್ ಅನ್ನುತ್ತಾರೆ. ಒಳಗೆ ಉಣ್ಣೆ ತುಂಬಿದ ಪ್ಯಾನೆಲ್ ಸಿಕ್ಕರೆ ತಗೊಳ್ಳಿ, ಬೆನ್ನು ಬದಲಾದಂತೆ ಉಣ್ಣೆ ಸೇರಿಸಬಹುದು, ತೆಗೆಯಬಹುದು. ಫೋಮ್ ಇದ್ದರೆ ಆ ದಾರಿ ಇಲ್ಲ.

ಬೆನ್ನ ಮೇಲಿಟ್ಟು ನೋಡುವುದು

ಮೊದಲ ಸಲ ಕೆಳಗೆ ಬಟ್ಟೆ ಹಾಕಬೇಡಿ. ಜೀನನ್ನು ಸ್ವಲ್ಪ ಮುಂದೆ ಇಟ್ಟು, ಕೂದಲಿನ ದಿಕ್ಕಿನಲ್ಲೇ ಹಿಂದಕ್ಕೆ ಜಾರಿಸಿ. ತಾನಾಗಿ ನಿಲ್ಲುವ ಜಾಗವೇ ಅದರ ಜಾಗ. ಕತ್ತು ಬೆನ್ನಿಗೆ ಸೇರುವ ಕಡೆ ಎದ್ದಿರುವ ಹೆಗಲ ದಿಬ್ಬದ ಮೇಲೆ ಎರಡು ಮೂರು ಬೆರಳಿನಷ್ಟು ಖಾಲಿ ಇರಬೇಕು, ಸವಾರರು ಕೂತ ಮೇಲೂ. ದಿಬ್ಬದ ಪಕ್ಕಗಳಲ್ಲೂ ನೋಡಿ. ರೇಸಿನ ಥರೋಬ್ರೆಡ್ ಕುದುರೆಗಳ ದಿಬ್ಬ ಎತ್ತರ, ಅಕ್ಕಪಕ್ಕ ಗುಳಿ. ಮೇಲೆ ಜಾಗ ಇದ್ದರೂ ಬದಿಯಲ್ಲಿ ಹಿಂಡುತ್ತಿರಬಹುದು.

ಹಿಂದೆ ನಿಂತು ನೋಡಿದರೆ ಬೆನ್ನುಮೂಳೆಯ ಮೇಲೆ ಸುರಂಗದಂತೆ ಬೆಳಕು ಕಾಣಬೇಕು, ಮೂರು ಬೆರಳಾದರೂ ಅಗಲ. ಸೀಟಿನ ಮೇಲೆ ದುಂಡನೆಯ ಪೆನ್ಸಿಲ್ ಇಡಿ. ಅದು ಉರುಳಿ ನಡುವೆ ನಿಂತರೆ ಸರಿ. ಹಿಂದಕ್ಕೆ ಹೋದರೆ ಜೀನು ಕುದುರೆಗೆ ಕಿರಿದಾಗಿ ಮುಂದೆ ಎದ್ದಿರಬಹುದು. ಮುಂದಕ್ಕೆ ಹೋದರೆ ಅಗಲ ಜಾಸ್ತಿಯಾಗಿ ಮುಂದೆ ಕುಸಿದಿರಬಹುದು. ಪ್ಯಾನೆಲ್ ಕೆಳಗೆ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಒತ್ತಡ ಒಂದೇ ಸಮ ಇರಬೇಕು. ಮುಂದೂ ಹಿಂದೂ ಒತ್ತಿ, ನಡುವೆ ಖಾಲಿ ಇದ್ದರೆ ನಿಮ್ಮ ಭಾರವೆಲ್ಲ ನಾಲ್ಕು ಮೂಲೆಗೆ ಬೀಳುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪು, ಬಿಗಿಯಾದ ಜೀನಿನ ಕೆಳಗೆ ದಪ್ಪ ಪ್ಯಾಡ್ ಹಾಕುವುದು. ನಾನೂ ಮಾಡಿದ್ದೆ, ಒಂದಲ್ಲ, ಎರಡು ಪ್ಯಾಡ್. ಬಳೆ ಇಕ್ಕಟ್ಟಾದರೆ ಯಾರಾದರೂ ಕೈಗೆ ಬಟ್ಟೆ ಸುತ್ತಿ ತೊಡುತ್ತಾರಾ? ಪ್ಯಾಡ್ ಸೇರಿದಷ್ಟೂ ಒಳಗೆ ಜಾಗ ಕಡಿಮೆ. ಜೀನು ತುಸು ಅಗಲ ಇದ್ದರೆ, ಕುದುರೆಗೆ ಮಾಂಸ ತುಂಬುವವರೆಗೆ ತೆಳು ಪ್ಯಾಡ್ ಸಹಾಯ ಮಾಡುತ್ತದೆ, ಅಷ್ಟೇ.

ಎಲ್ಲ ಸರಿ ಕಂಡರೆ ಸ್ವಚ್ಛ ಬಿಳಿ ಬಟ್ಟೆ ಹಾಕಿ 20–30 ನಿಮಿಷ ಸವಾರಿ ಮಾಡಿ. ಇಳಿದ ಮೇಲೆ ಬೆವರು ನೋಡಿ. ಎರಡೂ ಬದಿ ಒಂದೇ ಸಮ ಒದ್ದೆ, ಬೆನ್ನುಮೂಳೆಯ ಮೇಲೆ ಒಣ ಗೆರೆ ಇದ್ದರೆ ಒಳ್ಳೆಯದು. ಒದ್ದೆಯ ನಡುವೆ ಚಿಕ್ಕ ಒಣ ಮಚ್ಚೆ ಕಂಡರೆ ಅಲ್ಲಿ ಒತ್ತಡ ಜಾಸ್ತಿ ಇರಬಹುದು, ಇಲ್ಲವೇ ಜೀನು ತಾಗುತ್ತಲೇ ಇಲ್ಲ. ಮತ್ತೆ ಕೈ ಹಾಕಿ ನೋಡಿ. ಪುಣೆಯ ಜುಲೈ ಮಳೆಯಲ್ಲಿ ಈ ಪರೀಕ್ಷೆ ಬೇಡ, ಇಡೀ ಕುದುರೆಯೇ ಒದ್ದೆ.

ಪಟ್ಟಿ, ಕಡಿವಾಣ

ತಂಗ್ ಅಂತ ಲಾಯದಲ್ಲಿ ಕರೆಯುವ ಹೊಟ್ಟೆಪಟ್ಟಿಯನ್ನು ಒಂದೇ ಏಟಿಗೆ ಬಿಗಿಯಬೇಡಿ. ಮೊದಲು ಸಡಿಲ, ನಾಲ್ಕು ಹೆಜ್ಜೆ ನಡೆಸಿ ಒಂದು ತೂತು, ಹತ್ತುವ ಮೊದಲು ಇನ್ನೊಂದು. ಆಮೇಲೆ ಒಂದೊಂದೇ ಮುಂಗಾಲು ಮುಂದಕ್ಕೆ ಎಳೆದು ಬಿಡಿ, ಒಳಗೆ ಸಿಕ್ಕಿದ ಚರ್ಮದ ಮಡಿಕೆ ಬಿಚ್ಚುತ್ತದೆ. ಎಲಾಸ್ಟಿಕ್ ಇದ್ದರೆ ಎರಡೂ ತುದಿಯಲ್ಲಿರಲಿ. ನಮ್ಮವಳು ಇಷ್ಟಕ್ಕೇ ಕಚ್ಚುವುದನ್ನು ಅರ್ಧ ಬಿಟ್ಟಳು.

ಕಡಿವಾಣ ದಪ್ಪ ಇದ್ದರೆ ಮೆತ್ತಗೆ ಅನ್ನುವ ಮಾತು ಎಲ್ಲ ಕುದುರೆಗೂ ಒಪ್ಪುವುದಿಲ್ಲ. ಬಾಯೊಳಗೆ ಜಾಗ ಕಡಿಮೆ ಇದ್ದು ನಾಲಿಗೆ ದಪ್ಪ ಇದ್ದರೆ ದಪ್ಪ ಕಡಿವಾಣವೇ ತೊಂದರೆ. ಕಡಿವಾಣ ಎರಡೂ ಬದಿ ತುಟಿಯಿಂದ ಸುಮಾರು 5 ಮಿಲಿಮೀಟರ್ ಹೊರಗಿರಲಿ. ಮೂಗುಪಟ್ಟಿಯ ಕೆಳಗೆ, ಮೂಗಿನ ಮೂಳೆಯ ಮೇಲೆಯೇ, ಎರಡು ಬೆರಳು ಹೋಗಬೇಕು. ಕೆನ್ನೆಯ ಬದಿಯಲ್ಲಿ ಬೆರಳು ಹಾಕಿ ನೋಡಿದರೆ ಮೋಸ ಹೋಗುತ್ತೀರಿ, ಅಲ್ಲಿ ಯಾವಾಗಲೂ ಸಡಿಲ. ಮಾರವಾಡಿ ಅಥವಾ ಕಾಠಿಯಾವಾಡಿ ಕುದುರೆ ಇದ್ದರೆ ಕಿವಿ ನೋಡಿ. ಅವುಗಳ ಕಿವಿಯ ತುದಿ ಒಳಕ್ಕೆ ಬಾಗಿರುತ್ತದೆ. ಹಣೆಪಟ್ಟಿ ಚಿಕ್ಕದಾದರೆ ತಲೆಪಟ್ಟಿ ಮುಂದಕ್ಕೆ ಎಳೆದು ಕಿವಿಯ ಬುಡವನ್ನು ಕೊಯ್ಯುತ್ತದೆ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಜೀನು, ಪಟ್ಟಿಗಳ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಪ್ರತಿ ಸವಾರಿಯ ನಂತರ ಒರೆಸಿ, ನೆರಳಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ, ಬಿಸಿಲಿಗೆ ಬೇಡ. ಒದ್ದೆ ಬಟ್ಟೆ ಬೆನ್ನಿಗೆ ಹಾಕಲೇಬಾರದು. ಒಂದು ಕುದುರೆಯ ಬಟ್ಟೆ ಇನ್ನೊಂದಕ್ಕೂ ಬೇಡ, ಚರ್ಮರೋಗ ಹರಡುತ್ತದೆ. ಸೋಪಿನ ಪುಡಿ ಉಳಿದರೂ ತುರಿಕೆ, ಇನ್ನೊಂದು ಸಲ ಜಾಲಾಡಿಸಿ.

ಮಳೆಯಲ್ಲಿ ಸವಾರಿ ಕಡಿಮೆಯಾಗಿ ಬೆನ್ನಿನ ಮಾಂಸವೂ ಇಳಿಯುತ್ತದೆ. ರೇಸ್ ಬಿಟ್ಟು ಬಂದ ಕುದುರೆಯ ಆಕಾರವಂತೂ ಮೊದಲ ವರ್ಷ ಬದಲಾಗುತ್ತಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅಳತೆ ತೆಗೆದು, ಹಳೆಯ ಶೀಟಿನ ಮೇಲೇ ಬೇರೆ ಬಣ್ಣದಲ್ಲಿ ಗೆರೆ ಎಳೆಯಿರಿ. ನಮ್ಮ ಲಾಯದ ಗೋಡೆಯ ಮೇಲೆ ಅವಳ ಶೀಟು ಇದೆ. ಜನವರಿಯ ನೀಲಿ ಗೆರೆಯಲ್ಲಿ ಹೆಗಲಿನ ಹಿಂದೆ ಆಳದ ಗುಳಿ. ಏಪ್ರಿಲ್‌ನ ಕೆಂಪು ಗೆರೆ ಅದರಿಂದ ಒಂದು ಬೆರಳು ಹೊರಗೆ ಬಂದಿದೆ. ಈಗ ಕಾಕಾ ಹಸಿರು ಪೆನ್ನು ತಂದಿಟ್ಟಿದ್ದಾರೆ.