ಬ್ರೇಕ್ ಸರ್ವಿಸ್ ಆದ ಮೇಲೆ ಗಾಡಿ ಎಳೆದರೆ, ಕಿರುಚಿದರೆ, ಗಾಲಿ ಕಾದರೆ

ಅಥಣಿ, ರಾಯಬಾಗ, ರಾಮದುರ್ಗದ ಕಡೆಯವರು ಬೆಳಗಾವಿಯ ಶೋರೂಮಿಗೆ ಗಾಡಿ ತಂದು ಬ್ರೇಕ್ ಕೆಲಸ ಮಾಡಿಸುತ್ತಾರೆ. ಊರು ಮುಟ್ಟುವ ಹೊತ್ತಿಗೆ ಒಂದು ಗಾಲಿ ಕಾದು ಸುಟ್ಟ ವಾಸನೆ ಬಂದರೆ ಮತ್ತೆ ಬರಲು ಇಡೀ ದಿನ ಹೋಗುತ್ತದೆ. ಅದಕ್ಕೇ ಮೊದಲ ಪರೀಕ್ಷೆ ಶೋರೂಮಿನ ಕಂಪೌಂಡಿನೊಳಗೇ ಆಗಲಿ. ಹತ್ತು ನಿಮಿಷ ಸಾಕು.

ಎಂಜಿನ್ ಬಂದ್ ಇರುವಾಗಲೇ ಪೆಡಲ್ ಐದಾರು ಸಲ ಒತ್ತಿ. ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳು ಹಿಡಿದು ನಿಲ್ಲಿಸುತ್ತವೆ, ಆ ಪ್ಯಾಡುಗಳನ್ನು ಒತ್ತುವ ಭಾಗವೇ ಕ್ಯಾಲಿಪರ್. ಹೊಸ ಪ್ಯಾಡ್ ಕೂಡಿಸಲು ಅದರ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅದು ಮುಂದೆ ಬಂದು ಪ್ಯಾಡಿಗೆ ತಾಗುವವರೆಗೆ ಪೆಡಲ್ ಖಾಲಿ ಹೋಗುತ್ತದೆ. ಇದನ್ನು ಮರೆತು ಗೇರ್ ಹಾಕಿದರೆ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ. ಪೆಡಲ್ ಗಟ್ಟಿಯಾದ ಮೇಲೆ ಕಾಲು ಅಲ್ಲೇ ಇಟ್ಟು ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿದು ನಿಂತರೆ ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಸರಿಯಿದೆ. ಆಮೇಲೆ 30 ಸೆಕೆಂಡ್ ಬಲವಾಗಿ ಒತ್ತಿ ಹಿಡಿಯಿರಿ. ಮೆಲ್ಲಗೆ ನೆಲದ ಕಡೆ ಜಾರುತ್ತಿದ್ದರೆ ಗಾಡಿ ಅಲ್ಲಿಯೇ ಬಿಡಿ, ಸಹಿ ಮಾಡಬೇಡಿ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಮ್ಯಾಕ್ಸ್ ಗೆರೆ ದಾಟಿ ಹೊರಗೆ ಚೆಲ್ಲಿದ್ದರೆ ಕೂಡಲೇ ನೀರಿನಿಂದ ತೊಳೆಸಿ, ಇಲ್ಲದಿದ್ದರೆ ಆ ಆಯಿಲಿಗೆ ಪೇಂಟ್ ಎದ್ದುಬರುತ್ತದೆ. ನಾಲ್ಕೂ ಗಾಲಿಗಳ ಒಳಮೈಯಲ್ಲಿ ಎಣ್ಣೆ ಹಸಿ ಕಾಣಬಾರದು. ಎಂಜಿನ್ ಚಾಲೂ ಆದ ಕೆಲವೇ ಸೆಕೆಂಡಿನಲ್ಲಿ ಎಬಿಎಸ್ (ಜೋರು ಬ್ರೇಕಿಗೆ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರಬೇಕು, ಹ್ಯಾಂಡ್ ಬ್ರೇಕ್ ಇಳಿಸಿದಾಗ ಕೆಂಪು ದೀಪ ಆರಬೇಕು. ಸರ್ವಿಸಿಗೆ ಮೊದಲು ಇಲ್ಲದ ಎಬಿಎಸ್ ದೀಪ ಈಗ ಉಳಿದಿದ್ದರೆ, ಮೊದಲು ನೋಡಬೇಕಾದ್ದು ಗಾಲಿಯ ಹತ್ತಿರದ ಸ್ಪೀಡ್ ಸೆನ್ಸರ್ ವೈರು. ಕ್ಯಾಲಿಪರ್ ಬಿಚ್ಚುವಾಗ ಅದು ಎಳೆದುಹೋಗಿರುತ್ತದೆ, ಇಲ್ಲವೇ ಕನೆಕ್ಟರ್ ಪೂರ್ತಿ ಕೂಡಿರುವುದಿಲ್ಲ. ಅದನ್ನು ನೋಡದೆ ಹೊಸ ಸೆನ್ಸರಿನ ಎಸ್ಟಿಮೇಟ್ ಒಪ್ಪಬೇಡಿ.

ಪೆಡಲ್ ಮೆತ್ತಗಾಗಿದ್ದರೆ

ಮೆತ್ತಗಾಗುವುದು ಬೇರೆ, ಜಾರುವುದು ಬೇರೆ. ಶೋರೂಮಿನಲ್ಲಿ ಎರಡಕ್ಕೂ ‘ಏರ್ ತೆಗೆದು ಕೊಡ್ತೀವಿ’ ಎನ್ನುತ್ತಾರೆ, ಹಾಗಾಗಿ ವ್ಯತ್ಯಾಸ ನಿಮಗೆ ಗೊತ್ತಿರಲಿ.

ಪೆಡಲ್ ಸ್ಪಂಜಿನಂತೆ ಒಳಹೋಗಿ, ಎರಡು ಮೂರು ಸಲ ಬೇಗಬೇಗ ಒತ್ತಿದಾಗ ಮೇಲೆ ಬಂದು ಗಟ್ಟಿಯಾದರೆ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಉಳಿದಿದೆ. ನಾಲ್ಕೂ ಗಾಲಿಗಳಿಂದ ಮತ್ತೆ ಏರ್ ತೆಗೆಯಬೇಕು. ಗಾಲಿಗಳ ಸರದಿ ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಇರಬೇಕು. ಬಹಳ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳ ಕಡೆ ತಳ್ಳುವ ಭಾಗ) ಎಲ್ಲಕ್ಕಿಂತ ದೂರದ ಗಾಲಿ ಮೊದಲು. ಕೆಲಸದ ನಡುವೆ ಡಬ್ಬಿ ಖಾಲಿಯಾಗಲು ಬಿಟ್ಟಿದ್ದರೆ ಗಾಳಿ ಎಬಿಎಸ್ ಘಟಕದೊಳಗೂ ಹೋಗಿರಬಹುದು. ಅದನ್ನು ಹೊರಹಾಕಲು ಕೆಲವು ಗಾಡಿಗಳಿಗೆ ಸ್ಕ್ಯಾನರ್ ಹಚ್ಚಲೇಬೇಕು, ಬರೀ ಕಾಲಿನಿಂದ ಒತ್ತಿದರೆ ಬರುವುದಿಲ್ಲ.

ಎಲ್ಲಿಯೂ ಸೋರಿಕೆ ಇಲ್ಲದೆ ಪೆಡಲ್ ನಿಧಾನ ಜಾರಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿರುವ ಸಾಧ್ಯತೆ ಹೆಚ್ಚು. ‘ಮೊನ್ನೆವರೆಗೂ ಚೆನ್ನಾಗಿತ್ತು, ಸರ್ವಿಸ್ ಆದ ಕೂಡಲೇ ಹೇಗೆ ಹೋಯಿತು’ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಕಾರಣವೂ ಇದೆ. ದಿನನಿತ್ಯದ ಬ್ರೇಕಿಗೆ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ, ಸೀಲು ಸಿಲಿಂಡರಿನ ಮೊದಲ ಭಾಗದಲ್ಲಷ್ಟೇ ಓಡಾಡುತ್ತದೆ. ಮುಂದಿನ ಭಾಗದಲ್ಲಿ ವರ್ಷಗಟ್ಟಲೆ ಕೆಸರು, ತುಕ್ಕು ಕೂತಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲದವರೆಗೆ ತುಳಿದರೆ ಸೀಲು ಆ ಒರಟು ಜಾಗದ ಮೇಲೆ ಉಜ್ಜಿ ಹರಿದುಹೋಗುತ್ತದೆ. ಐದಾರು ವರ್ಷ ದಾಟಿದ ಗಾಡಿಯಾದರೆ ಪೆಡಲಿನ ಕೆಳಗೆ ಕಟ್ಟಿಗೆ ತುಂಡು ಇಟ್ಟು ಏರ್ ತೆಗೆಯಿರಿ ಎಂದು ಮಿಸ್ತ್ರಿಗೆ ಮೊದಲೇ ಹೇಳುವುದು ಒಳ್ಳೆಯದು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ್ದಕ್ಕೆ ಇರುವ ಕನಿಷ್ಠ ಮಿತಿ 155 ಡಿಗ್ರಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಒಂದೇ ಸಮ ಬ್ರೇಕ್ ಒತ್ತಿದರೆ ಹಳೇ ಆಯಿಲ್ ಕುದಿದು ಪೆಡಲ್ ಖಾಲಿಯಾಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿರಬೇಕು. ಬಿಲ್ಲಿನಲ್ಲಿ ‘ಟಾಪ್ ಅಪ್’ ಎಂದಷ್ಟೇ ಇದ್ದರೆ ಬದಲಿಸಿಲ್ಲ ಎಂದೇ ಅರ್ಥ.

ಗಾಲಿ ಕಾಯುವುದು, ಒಂದು ಕಡೆ ಎಳೆಯುವುದು

ಬ್ರೇಕ್ ಕಡಿಮೆ ಬಳಸಿ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಅಂಗೈಯ ಹಿಂಭಾಗವನ್ನು ಪ್ರತಿ ಗಾಲಿಯ ಹತ್ತಿರ ತನ್ನಿ, ಮುಟ್ಟಬೇಡಿ. ಎಡ, ಬಲ ಹೋಲಿಸಿ. ಒಂದು ಗಾಲಿ ಎದ್ದುಕಾಣುವಷ್ಟು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಹಿಂದಿನ ಎರಡೂ ಕಾದಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಯಾಗಿದೆ, ಅಥವಾ ಡ್ರಮ್ಮಿನೊಳಗಿನ ಶೂ (ಪ್ಯಾಡಿನಂತೆ ಒತ್ತಿ ಹಿಡಿಯುವ ಭಾಗ) ಹೆಚ್ಚು ಹೊರಕ್ಕೆ ತಿರುಗಿಸಿದ್ದಾರೆ. ಎರಡು ಮೂರೇ ಕ್ಲಿಕ್ಕಿಗೆ ಹ್ಯಾಂಡ್ ಬ್ರೇಕ್ ಹಿಡಿಯುತ್ತಿದ್ದರೆ ಅದೇ ಸಂಶಯ.

ಮುಂದಿನ ಒಂದೇ ಗಾಲಿಯಾದರೆ ಮಿಸ್ತ್ರಿ ಮಾಡಬೇಕಾದ ಪರೀಕ್ಷೆ ಸರಳ. ಗಾಡಿ ಎತ್ತಿ ಗಾಲಿ ತಿರುಗಿಸಬೇಕು. ಬಿಗಿಯಿದ್ದರೆ ಆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ (ಏರ್ ತೆಗೆಯುವ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲಿಸಬೇಕು. ಗಾಲಿ ತಟ್ಟನೆ ಸಡಿಲಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ. ರಬ್ಬರ್ ಹೋಸ್ ಒಳಗಡೆ ಮುಚ್ಚಿಕೊಂಡಿರಬಹುದು ಅಥವಾ ಕೂಡಿಸುವಾಗ ತಿರುಚಿರಬಹುದು. ಕ್ಯಾಲಿಪರನ್ನು ಹೋಸಿನ ಮೇಲೆ ಜೋತುಬಿಟ್ಟು ಕೆಲಸ ಮಾಡಿದರೆ ಆಗುವುದು ಇದೇ. ಸಡಿಲಾಗದಿದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಆಚೀಚೆ ಸರಿಯಲು ಇರುವ ಸ್ಲೈಡ್ ಪಿನ್ ಜಾಮ್ ಆಗಿದೆ. ನಮ್ಮ ಎರೆಮಣ್ಣಿನ ರಸ್ತೆಗಳಲ್ಲಿ, ಅದರಲ್ಲೂ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಹೊಲದ ಕೆಸರನ್ನು ಡಾಂಬರಿಗೆ ತಂದುಹಾಕುವಾಗ, ಪಿನ್ನಿನ ರಬ್ಬರ್ ಬೂಟ್ ಸ್ವಲ್ಪ ಹರಿದಿದ್ದರೂ ಮಣ್ಣು ಒಳಹೊಕ್ಕು ಗಟ್ಟಿಯಾಗುತ್ತದೆ. ಪಿನ್ ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಇನ್ನಷ್ಟು ಹಿಡಿದುಕೊಳ್ಳುತ್ತದೆ. ನಿಪ್ಪಲ್ ಸಡಿಲಿಸಿದ ಮೇಲೆ ಆ ಗಾಲಿಯ ಏರ್ ಮತ್ತೆ ತೆಗೆಯಲೇಬೇಕು.

ಬ್ರೇಕ್ ಒತ್ತಿದಾಗ ಮಾತ್ರ ಗಾಡಿ ಎಡಕ್ಕೆ ಎಳೆದರೆ ಎಲ್ಲರೂ ಎಡಗಾಲಿ ಬಿಚ್ಚುತ್ತಾರೆ. ಬಹಳ ಸಲ ತಪ್ಪು ಬಲಗಡೆ ಇರುತ್ತದೆ. ಅಲ್ಲಿ ಪ್ಯಾಡಿಗೆ ಗ್ರೀಸ್ ಅಥವಾ ಆಯಿಲ್ ತಾಗಿ ಹಿಡಿತ ಕಡಿಮೆಯಾಗಿ ಎಡಗಡೆಯೇ ಎಲ್ಲ ಕೆಲಸ ಮಾಡುತ್ತದೆ. ಎಣ್ಣೆ ಹೀರಿದ ಪ್ಯಾಡನ್ನು ತೊಳೆದು ಬಳಸಬಾರದು, ಎರಡೂ ಕಡೆಯ ಪ್ಯಾಡ್ ಒಟ್ಟಿಗೆ ಬದಲಿಸಬೇಕು. ಇದಕ್ಕೆಲ್ಲ ಮೊದಲು ಟೈರ್ ಗಾಳಿ ನೋಡಿಬಿಡಿ.

ಸದ್ದು ಮತ್ತು ನಡುಕ

ಮಳೆಗಾಲದಲ್ಲಿ ರಾತ್ರಿ ನಿಂತ ಗಾಡಿ ಬೆಳಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಗರಗರ ಅಂದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಚಿಂತೆ ಬೇಡ. ಹೊಸ ಪ್ಯಾಡ್ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಸಣ್ಣಗೆ ಕೂಗುವುದೂ ಇದೆ. ಅದನ್ನು ಪಳಗಿಸಲು ಬೆಳಗಿನ ಖಾಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, 50ರಿಂದ 10ರ ವೇಗಕ್ಕೆ ಹದವಾಗಿ ಇಳಿಸುತ್ತ ಇಪ್ಪತ್ತು ಸಲ ಬ್ರೇಕ್ ಹಾಕಿ. ನಡುನಡುವೆ ಅರ್ಧ ಕಿಲೋಮೀಟರ್ ಓಡಿಸಿ ತಣಿಸಿ. ಬಿಸಿ ಇರುವಾಗ ಪೆಡಲ್ ಒತ್ತಿಹಿಡಿದು ನಿಲ್ಲಬೇಡಿ. ಹೊಸ ಪ್ಯಾಡ್ ಹಾಕಿಸಿದ ದಿನವೇ ಘಾಟ್ ಇಳಿಯಬೇಡಿ.

ಬ್ರೇಕ್ ಒತ್ತದೆಯೂ ಕೀಚು ಸದ್ದು ನಿಲ್ಲದಿದ್ದರೆ ಎರಡು ಕಾರಣ ನೋಡಿ: ಡಿಸ್ಕಿನ ಹಿಂದಿನ ತಗಡಿನ ಗುರಾಣಿ ಬಗ್ಗಿ ತಾಗುತ್ತಿರಬಹುದು, ಅಥವಾ ಒಳಗಿನ ಮತ್ತು ಹೊರಗಿನ ಪ್ಯಾಡ್ ಅದಲುಬದಲಾಗಿ ಸವೆತ ತಿಳಿಸುವ ತಗಡಿನ ನಾಲಿಗೆ ಡಿಸ್ಕಿಗೆ ಉಜ್ಜುತ್ತಿರಬಹುದು. ಒತ್ತಿದಾಗ ಮಾತ್ರ ಕಿರುಚಿದರೆ ಪ್ಯಾಡಿನ ಬೆನ್ನಿನ ಶಿಮ್ (ಸದ್ದು ತಡೆಯುವ ತೆಳು ತಗಡು) ಅಥವಾ ಕ್ಲಿಪ್ ಹಾಕಿದ್ದಾರೋ ಇಲ್ಲವೋ ಕೇಳಿ.

60ರಿಂದ 80ರ ವೇಗದಲ್ಲಿ ಬ್ರೇಕಿಗೆ ಸ್ಟೀರಿಂಗ್ ನಡುಗಿದರೆ ಡಿಸ್ಕ್ ನೇರವಾಗಿ ಕೂತಿರಲಿಕ್ಕಿಲ್ಲ. ಡಿಸ್ಕ್ ಕೂರುವ ಹಬ್ಬಿನ (ಗಾಲಿಯ ನಡುಭಾಗ) ತುಕ್ಕು ಕೆರೆಯದೆ ಮೇಲೆ ಡಿಸ್ಕ್ ಕೂಡಿಸಿದರೆ, ಅಥವಾ ಗಾಳಿಯ ಗನ್ನಿನಿಂದ ಗಾಲಿಯ ನಟ್‌ಗಳನ್ನು ಹೆಚ್ಚು ಕಡಿಮೆ ಬಿಗಿ ಮಾಡಿದರೆ ಹೀಗಾಗುತ್ತದೆ. ನಟ್‌ಗಳನ್ನು ಎದುರು ಬದುರಾಗಿ, ಬಿಗಿ ಅಳೆಯುವ ಟಾರ್ಕ್ ಪಾನಾದಿಂದ ಬಿಗಿಯಬೇಕು. ಸಣ್ಣ ಕಾರುಗಳಿಗೆ ಸುಮಾರು 85ರಿಂದ 110 ನ್ಯೂಟನ್ ಮೀಟರ್, ನಿಖರ ಅಂಕಿ ನಿಮ್ಮ ಪುಸ್ತಕದಲ್ಲಿದೆ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿಸಿ. ಡಿಸ್ಕನ್ನು ಲೇತಿನಲ್ಲಿ ಹೆರೆದು ಸಮ ಮಾಡಿಸೋಣ ಎಂದರೆ ಡಿಸ್ಕಿನ ಮೇಲೆ ಅಚ್ಚಾದ ಕನಿಷ್ಠ ದಪ್ಪ ಓದಿಸಿ, ಹೆರೆದ ಮೇಲೂ ಅದಕ್ಕಿಂತ ಕಡಿಮೆಯಾಗಬಾರದು.

ಮರಳಿ ಒಯ್ಯುವಾಗ

ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ‘ಬೇರೆಯವರು ಕೈ ಹಾಕಿದ್ದಾರೆ’ ಎಂಬ ಒಂದೇ ಮಾತಿಗೆ ನಿಮ್ಮ ದೂರು ಸಾಯುತ್ತದೆ. ಆದರೆ ಪೆಡಲ್ ಜಾರುತ್ತಿದ್ದರೆ, ಆಯಿಲ್ ಸೋರುತ್ತಿದ್ದರೆ, ಗಾಲಿಯಿಂದ ಹೊಗೆ ಬಂದರೆ ಓಡಿಸಿಕೊಂಡು ಹೋಗುವ ಮಾತೇ ಇಲ್ಲ. ಅವರಿಗೇ ಫೋನ್ ಮಾಡಿ ಟೋಯಿಂಗ್ ಕೇಳಿ.

ಜಾಬ್ ಕಾರ್ಡಿನಲ್ಲಿ ‘ಬ್ರೇಕ್ ಪ್ರಾಬ್ಲಂ’ ಎಂದು ಬರೆಯಲು ಬಿಡಬೇಡಿ. ‘ಸರ್ವಿಸ್ ಆದ ದಿನದಿಂದ, 60ರ ವೇಗದಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ, 120 ಕಿ.ಮೀ. ಓಡಿದೆ’ ಎಂಬಂತೆ ಬರೆಸಿ. ಕಾರಣ ನೀವು ಹೇಳಬೇಡಿ, ಲಕ್ಷಣ ಹೇಳಿ. ಕಾರಣ ಹೇಳಿದರೆ ಅದೊಂದನ್ನೇ ನೋಡಿ ಗಾಡಿ ಮರಳಿಸುತ್ತಾರೆ. ಮೀಟರಿನ ಫೋಟೋ, ಸದ್ದಿನ ವಿಡಿಯೋ ಇರಲಿ. ಟೆಸ್ಟ್ ಡ್ರೈವಿಗೆ ಸರ್ವಿಸ್ ಅಡ್ವೈಸರ್ ಅಲ್ಲ, ಕೆಲಸ ಮಾಡುವ ಮಿಸ್ತ್ರಿಯೇ ಪಕ್ಕದಲ್ಲಿ ಕೂರಲಿ. ಬದಲಿಸಿದ ಹಳೇ ಪ್ಯಾಡುಗಳನ್ನು ಕೇಳಿ ಪಡೆಯಿರಿ.

ಎರಡು ಸಲ ಹೋದರೂ ಸರಿಯಾಗದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ, ಜಾಬ್ ಕಾರ್ಡುಗಳನ್ನು ಲಗತ್ತಿಸಿ. ಅದಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗ. ಶೋರೂಮ್ ಬೇರೆ ಜಿಲ್ಲೆಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಜಮಖಂಡಿಯವರು ಬೆಳಗಾವಿಗೆ ಅಲೆಯಬೇಕಿಲ್ಲ, ಬಾಗಲಕೋಟೆಯಲ್ಲೇ ಹಾಕಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ದೂರು ಹಾಕಲು ಇರುವ ಅವಧಿ ಎರಡು ವರ್ಷ.