ಕಾರಿನ ಬ್ರೇಕ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅನ್ನಿಸಿದ ಕೂಡಲೇ ಬಹಳ ಜನರ ಕಣ್ಣು ಹೋಗುವುದು ದೊಡ್ಡ ಡಿಸ್ಕ್, ತೂತು ಕೊರೆದ ಡಿಸ್ಕ್, ಕೆಂಪು ಕ್ಯಾಲಿಪರ್‌ಗಳ ಕಡೆಗೆ. (ಚಕ್ರದ ಜತೆ ತಿರುಗುವ ಬಿಲ್ಲೆ ಡಿಸ್ಕ್, ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಪಟ್ಟಿ ಪ್ಯಾಡ್, ಪ್ಯಾಡನ್ನು ಒತ್ತುವ ಹಿಡಿ ಕ್ಯಾಲಿಪರ್.) ದಿನಾ ಆಫೀಸಿಗೆ ಹೋಗಿಬರುವ, ಹಬ್ಬಕ್ಕೋ ಜಾತ್ರೆಗೋ ಘಾಟಿ ಇಳಿದು ಊರು ಸೇರುವ ಹ್ಯಾಚ್‌ಬ್ಯಾಕ್‌ಗೆ, ಸಣ್ಣ ಸೆಡಾನ್‌ಗೆ ಇವು ಯಾವುವೂ ಬೇಕಿಲ್ಲ. ಅಂಥ ಕಾರಿಗೆ ದುಡ್ಡು ಹಾಕಬೇಕಾದ ಕ್ರಮವೇ ಬೇರೆ. ಮೊದಲು ಟೈರು, ಆಮೇಲೆ ಬ್ರೇಕ್ ಆಯಿಲ್, ನಂತರ ಕ್ಯಾಲಿಪರ್ ಸರ್ವಿಸ್, ಅದಾದ ಮೇಲೆ ಪ್ಯಾಡ್. ಡಿಸ್ಕ್ ಸವೆದಿದ್ದರೆ ಮಾತ್ರ ಡಿಸ್ಕ್.

ಬ್ರೇಕ್ ವಿಷಯದಲ್ಲಿ ಟೈರು ಮೊದಲೇಕೆ? ಜೋರಾಗಿ ಒತ್ತಿದಾಗ ಪೆಡಲ್ ಕಾಲಿನಡಿ ಗಡಗಡ ಅದುರಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ. (2019ರ ಏಪ್ರಿಲ್‌ನಿಂದ ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ.) ಅಂದರೆ ಚಕ್ರವನ್ನು ಲಾಕ್ ಮಾಡುವಷ್ಟು ಬಲ ಈಗಿರುವ ಬ್ರೇಕಿನಲ್ಲೇ ಇದೆ. ಅಲ್ಲಿಂದಾಚೆ ಕಾರು ನಿಲ್ಲುವುದು ಟೈರು ರಸ್ತೆಯನ್ನು ಎಷ್ಟು ಹಿಡಿಯುತ್ತದೆ ಅನ್ನುವುದರ ಮೇಲೆ. ಒಳ್ಳೆಯ ಹಿಡಿತವಿರುವ ಒಣ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 31 ಮೀಟರ್ ಸಾಕು. ಸವೆದ ಟೈರು, ಮಳೆ ಎರಡೂ ಸೇರಿ ಹಿಡಿತ ಅರ್ಧಕ್ಕಿಳಿದರೆ 62 ಮೀಟರ್ ಬೇಕು. ಯಾವ ಕಂಪನಿಯ ಪ್ಯಾಡ್ ಹಾಕಿದರೂ ಈ ಲೆಕ್ಕ ಬದಲಾಗದು. ಟೈರಿನ ಗೆರೆಯ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ.; ಮಲೆನಾಡು, ಕರಾವಳಿಯ ಮಳೆಗಾಲಕ್ಕೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಒಳ್ಳೆಯದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯನ್ನೂ ನೋಡಿ. 3522 ಎಂದಿದ್ದರೆ ಅದು 2022ರ 35ನೇ ವಾರದ ಟೈರು.

ಮೊದಲು ರೋಗ ಗುರುತಿಸಿ

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಆಯಿಲ್ ಹಳೆಯದಾಗಿದೆ. ಸಿಗ್ನಲ್‌ನಲ್ಲಿ ಕಾಲಿಟ್ಟು ನಿಂತಾಗ ಪೆಡಲ್ ತಾನಾಗಿ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್‌ನ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ) ಒಳಸೀಲ್ ಹೋಗಿರಬಹುದು ಅಥವಾ ಎಲ್ಲೋ ಸೋರುತ್ತಿರಬಹುದು. ಅಂಥ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ಬೂಸ್ಟರ್ ನೋಡಬೇಕು. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ಕೆಳಗಿಳಿದರೆ ಬೂಸ್ಟರ್ ಚೆನ್ನಾಗಿದೆ. ಕಾರು ಒಂದೇ ಕಡೆಗೆ ಎಳೆದರೆ ಒಂದು ಬದಿಯ ಕ್ಯಾಲಿಪರ್ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಕಿರ್ರೆನ್ನುವ ಸಣ್ಣ ಸದ್ದು ಪ್ಯಾಡ್ ಸವೆದಿದೆ ಎಂದು ತಿಳಿಸಲು ಹಲವು ಪ್ಯಾಡುಗಳಲ್ಲಿರುವ ಎಚ್ಚರಿಕೆ ತಗಡಿನದು. ಕರಕರ ಎಂದು ಉಜ್ಜುವ ಸದ್ದಾದರೆ ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ.

ಆಯಿಲ್: ಅಗ್ಗದ, ಆದರೆ ದೊಡ್ಡ ಸುಧಾರಣೆ

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಅದು ಕುದಿಯುವ ಉಷ್ಣಾಂಶ ಇಳಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಘಾಟಿ ಇಳಿಯುವಾಗ ಕ್ಯಾಲಿಪರ್‌ನೊಳಗೆ ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಸುಲಭವಾಗಿ ಅದುಮಿಕೊಳ್ಳುತ್ತದೆ, ಹಾಗಾಗಿ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ.

ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಡಾಟ್ 3 ಇರುವ ಕಾರಿಗೆ ಸಾಮಾನ್ಯವಾಗಿ ಡಾಟ್ 4 ಹಾಕಬಹುದು. ಆದರೂ ಬಾನೆಟ್ಟಿನೊಳಗಿನ ಆಯಿಲ್ ಡಬ್ಬಿಯ ಮುಚ್ಚಳದ ಮೇಲಿನ ಬರಹವನ್ನೂ ಕಾರಿನ ಕೈಪಿಡಿಯನ್ನೂ ನೋಡಿಕೊಳ್ಳಿ. ಡಾಟ್ 5 ಮಾತ್ರ ಬೇರೆಯೇ ಜಾತಿ. ಅದು ಸಿಲಿಕೋನ್ ಆಯಿಲ್. ಉಳಿದವುಗಳ ಜತೆ ಬೆರೆಯದು, ಎಬಿಎಸ್ ಕಾರಿಗೆ ಸಲ್ಲದು. ಅಂಗಡಿಯಲ್ಲಿ 5 ಮತ್ತು 5.1ರ ನಡುವೆ ಗೊಂದಲವಾಗುವುದು ಇಲ್ಲೇ. ಪೂರ್ತಿ ಬದಲಿಸಲು ಅರ್ಧ ಲೀಟರಿನ ಎರಡು ಬಾಟಲಿ ತನ್ನಿ. ಸೀಲ್ ಒಡೆದು ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟ ಬಾಟಲಿ ಬೇಡ.

ಪ್ಯಾಡ್ ಹೋಲಿಸುವುದು ಹೇಗೆ

ಮಾರುಕಟ್ಟೆಯಲ್ಲಿ ಸಿಗುವ ಪ್ಯಾಡ್ ಮುಖ್ಯವಾಗಿ ಮೂರು ಬಗೆ. ಆರ್ಗ್ಯಾನಿಕ್ ಪ್ಯಾಡ್ ಸದ್ದು ಮಾಡುವುದಿಲ್ಲ, ಡಿಸ್ಕನ್ನು ತಿನ್ನುವುದಿಲ್ಲ, ಬೆಳಗಿನ ತಣ್ಣನೆಯ ಮೊದಲ ಒತ್ತಿಗೇ ಹಿಡಿಯುತ್ತದೆ. ಆದರೆ ಬಿಸಿ ಏರಿದಂತೆ ಹಿಡಿತ ಬೇಗ ಕಳೆದುಕೊಳ್ಳುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ಎಳೆ, ಲೋಹದ ಪುಡಿ ಇರುತ್ತದೆ. ಬಿಸಿ ತಾಳುವ ಶಕ್ತಿ ಹೆಚ್ಚು, ಜತೆಗೆ ಸದ್ದು, ಕಪ್ಪು ಧೂಳು, ಡಿಸ್ಕಿನ ಸವೆತವೂ ಹೆಚ್ಚು. ಸೆರಾಮಿಕ್ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಅಲಾಯ್ ಚಕ್ರ ಹೊಲಸಾಗುವುದು ಕಡಿಮೆ, ಬಾಳಿಕೆ ಚೆನ್ನ. ಬೆಲೆ ಹೆಚ್ಚು ಎಂದ ಮಾತ್ರಕ್ಕೆ ಕಾರು ಬೇಗ ನಿಲ್ಲುತ್ತದೆ ಎಂದು ಮಾತ್ರ ತಿಳಿಯಬೇಡಿ.

ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಓಡುವ ಕಾರಿಗೆ ಕಂಪನಿಯ ಮೂಲ ಪ್ಯಾಡ್ ಅಥವಾ ಒಳ್ಳೆಯ ಸೆರಾಮಿಕ್ ಸಾಕು. ವಾರಕ್ಕೊಮ್ಮೆ ಐದು ಜನ, ಲಗೇಜು ತುಂಬಿಕೊಂಡು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವವರು ಹೆಸರಾಂತ ಕಂಪನಿಯ ಸೆಮಿ ಮೆಟಾಲಿಕ್ ಹಾಕಿಸಿಕೊಳ್ಳಲಿ. ರೇಸಿಂಗ್ ಪ್ಯಾಡ್ ಯಾರಿಗೂ ಬೇಡ. ಅವು ಚೆನ್ನಾಗಿ ಕಾದ ಮೇಲೆ ಹಿಡಿಯುವಂಥವು. ಮನೆಯಿಂದ ಹೊರಟ ಮೊದಲ ತಿರುವಿನಲ್ಲಿ ಮಗುವೊಂದು ಅಡ್ಡ ಬಂದರೆ ಆ ಪ್ಯಾಡ್ ಇನ್ನೂ ತಣ್ಣಗೇ ಇರುತ್ತದೆ.

ಹಲವು ಪ್ಯಾಡುಗಳ ಅಂಚಿನ ಅಥವಾ ಹಿಂಬದಿ ತಗಡಿನ ಮೇಲಿನ ಅಚ್ಚಿನ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಉಷ್ಣಾಂಶದಲ್ಲಿನ ಘರ್ಷಣೆ, ಎರಡನೆಯದು ಬಿಸಿಯಾದಾಗಿನದು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎರಡೂ ಎಫ್ ಇದ್ದರೆ ದಿನಬಳಕೆಗೆ ಧಾರಾಳ. ಎಫ್ ಆದ ಮೇಲೆ ಇ ಬಂದರೆ ಬಿಸಿಯಲ್ಲಿ ಹಿಡಿತ ಇಳಿಯುವ ಪ್ಯಾಡ್ ಅದು. ಈ ಅಕ್ಷರಗಳು ಬಾಳಿಕೆಯ ಬಗ್ಗೆಯಾಗಲಿ ಸದ್ದಿನ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಗೆ ಹೋಗುವಾಗ ಚಾಸಿ ನಂಬರ್ ಬರೆದುಕೊಂಡು ಹೋಗಿ. ಒಂದೇ ಮಾಡೆಲ್ಲಿಗೂ ವರ್ಷ ಬದಲಾದರೆ ಪ್ಯಾಡಿನ ಆಕಾರ ಬದಲಾಗಬಹುದು. ಬಿಲ್ಲು ಕೇಳಿ ಪಡೆಯಿರಿ. ಆಸ್‌ಬೆಸ್ಟಾಸ್ ಇಲ್ಲದ ಪ್ಯಾಡ್ ಎಂದು ಡಬ್ಬಿಯ ಮೇಲೆ ಬರೆದಿರಬೇಕು.

ಡಿಸ್ಕ್: ಅಳೆಯದೆ ಬದಲಿಸಬೇಡಿ

ಪ್ರತಿ ಡಿಸ್ಕಿನ ಮೇಲೂ ಅದರ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ನಡುವಿನ ಟೋಪಿಯಂಥ ಭಾಗದಲ್ಲೋ ಹೊರ ಅಂಚಿನಲ್ಲೋ. ಅಳತೆ ಅದಕ್ಕಿಂತ ಕೆಳಗಿದ್ದರೆ ಲೇತ್‌ಗೆ ಕೊಟ್ಟು ನುಣುಪು ಮಾಡಿಸುವ ಮಾತೇ ಇಲ್ಲ, ಹೊಸದೇ ಆಗಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ಏಣಿನಂತೆ ಉಳಿದಿರುತ್ತದೆ. ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಹಾಕಿದರೆ ಅದು ಆ ಏಣಿನ ಮೇಲೆ ಕೂತು ಡಿಸ್ಕ್ ಇನ್ನೂ ದಪ್ಪವಿದೆ ಎಂದು ತೋರಿಸುತ್ತದೆ. ಮೈಕ್ರೋಮೀಟರ್ ಇಲ್ಲದಿದ್ದರೆ ಏಣಿನ ಒಳಗೆ ಡಿಸ್ಕಿನ ಎರಡೂ ಮುಖಕ್ಕೆ ಒಂದೊಂದು ನಾಣ್ಯ ಒತ್ತಿ ಹಿಡಿದು, ನಾಣ್ಯಗಳ ಮೇಲೆ ವರ್ನಿಯರ್ ಹಾಕಿ, ಬಂದ ಅಳತೆಯಿಂದ ಎರಡು ನಾಣ್ಯಗಳ ದಪ್ಪ ಕಳೆಯಿರಿ. ಡಿಸ್ಕಿನ ಸುತ್ತ ಆರೆಂಟು ಕಡೆ ಅಳೆಯಿರಿ.

ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಅದುರಿದರೆ ‘ಡಿಸ್ಕ್ ಬೆಂಡ್ ಆಗಿದೆ’ ಎನ್ನುವುದು ಗ್ಯಾರೇಜಿನ ಸಿದ್ಧ ಉತ್ತರ. ನಿಜವಾಗಿ ಬಾಗಿದ ಡಿಸ್ಕ್ ಅಪರೂಪ. ಹೆಚ್ಚಿನ ಸಲ ಆಗಿರುವುದು ದಪ್ಪದ ಏರುಪೇರು, ಅದೂ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟು. ಹಬ್ (ಡಿಸ್ಕ್ ಕೂರುವ ಚಕ್ರದ ನಡುಭಾಗ) ಮೇಲಿನ ತುಕ್ಕು ಕೆರೆಯದೆ ಹೊಸ ಡಿಸ್ಕ್ ಕೂರಿಸಿದರೆ ಅದು ಕೂದಲೆಳೆಯಷ್ಟು ಓರೆಯಾಗಿ ತಿರುಗುತ್ತದೆ. ಗಾಳಿ ಗನ್ನಿನಲ್ಲಿ ಒಂದು ನಟ್ ಬಿಗಿ, ಇನ್ನೊಂದು ಸಡಿಲ ಮಾಡಿದರೂ ಹೀಗೆಯೇ. ಹಾಕಿದ ದಿನ ಏನೂ ಗೊತ್ತಾಗುವುದಿಲ್ಲ. ಸುತ್ತಿಗೊಮ್ಮೆ ಪ್ಯಾಡಿಗೆ ಒಂದೇ ಜಾಗ ತಾಗಿ ತಾಗಿ, ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ಅದುರು ಶುರುವಾಗುತ್ತದೆ. ಆಗ ಬೈಗುಳ ತಿನ್ನುವುದು ಡಿಸ್ಕಿನ ಕಂಪನಿ.

ತೂತು ಕೊರೆದ ಡಿಸ್ಕಿನಿಂದ ದಿನಬಳಕೆಗೆ ಲಾಭವಿಲ್ಲ. ಅಗ್ಗದವು ತೂತಿನ ಅಂಚಿನಲ್ಲೇ ಬಿರುಕು ಬಿಡುತ್ತವೆ. ಗೀರು ಹಾಕಿದವು ಸದ್ದು ಮಾಡಿ ಪ್ಯಾಡ್ ಬೇಗ ತಿನ್ನುತ್ತವೆ. ಮುಂದಿನ ಚಕ್ರಕ್ಕೆ ಮಾತ್ರ ದೊಡ್ಡ ಡಿಸ್ಕ್ ಹಾಕಿದರೆ ಮುಂದು ಹಿಂದಿನ ಬ್ರೇಕಿನ ಪಾಲು ಕೆಡುತ್ತದೆ. ತಯಾರಕರು ನಿಗದಿಪಡಿಸಿದ ಸ್ವರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. ಅಪಘಾತವಾದಾಗ ವಿಮೆಯವರೂ ಇದನ್ನು ಎತ್ತಬಹುದು. ಹೆಣೆದ ಉಕ್ಕಿನ ಹೊದಿಕೆಯ ಬ್ರೇಕ್ ಹೋಸ್ (ಆಯಿಲ್ ಸಾಗಿಸುವ ಬಾಗುವ ಪೈಪು) ಹಾಕಿದರೆ ಪೆಡಲ್ ಬಿಗಿಯಾಗುತ್ತದೆ, ಕಾರು ನಿಲ್ಲುವ ದೂರ ಅಷ್ಟೇನೂ ಕಡಿಮೆಯಾಗದು. ಹಳೆಯ ರಬ್ಬರ್ ಹೋಸನ್ನು ಮಡಚಿ ನೋಡಿ. ಬಿರುಕು ಕಂಡರೆ ಕಂಪನಿಯದೇ ಹೊಸದು ಹಾಕಿಸಿ.

ಮುಂದಿನ ಪ್ಯಾಡ್ ಬದಲಿಸುವ ಹಂತಗಳು

ಮೊದಲ ಸಲವಾದರೆ ತಿಳಿದವರನ್ನು ಪಕ್ಕದಲ್ಲಿಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ಮಾಡಿಸುವವರೂ ಈ ಹಂತಗಳನ್ನು ನಿಂತು ನೋಡಬಹುದು.

1. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್ ಸಡಿಲಿಸಿ, ಆಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿ ಕೆಲಸ ಮಾಡಬೇಡಿ.

2. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಪ್ಯಾಡನ್ನು ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಒಳಗೆ ಹೋದಂತೆ ಆಯಿಲ್ ಮೇಲೇರುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

3. ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ತೆಗೆದು ಮೇಲಕ್ಕೆ ಮಡಚಿ. ಪೂರ್ತಿ ತೆಗೆಯಬೇಕಾದರೆ ತಂತಿಯಿಂದ ಕಟ್ಟಿ. ಹೋಸಿನ ಮೇಲೆ ತೂಗುಬಿಟ್ಟರೆ ಹೋಸಿನ ಒಳಪದರ ಹರಿಯುತ್ತದೆ, ಹೊರಗಿನಿಂದ ಅದು ಕಾಣುವುದೂ ಇಲ್ಲ.

4. ಹಳೆಯ ಪ್ಯಾಡ್ ಎರಡನ್ನೂ ಜೋಡಿಸಿ ನೋಡಿ. ಉಜ್ಜುವ ಭಾಗ 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸುವ ಕಾಲ. ಒಳಗಿನದು ಸವೆದು ಹೊರಗಿನದು ದಪ್ಪವಾಗಿಯೇ ಇದ್ದರೆ ಸ್ಲೈಡ್ ಪಿನ್ (ಕ್ಯಾಲಿಪರ್ ಜಾರುವ ಕಡ್ಡಿ) ಅಥವಾ ಪಿಸ್ಟನ್ ಹಿಡಿದುಕೊಂಡಿದೆ. ಇದನ್ನು ಸರಿಪಡಿಸದೆ ಹಾಕಿದ ಹೊಸ ಪ್ಯಾಡೂ ಅದೇ ದಾರಿ ಹಿಡಿಯುತ್ತದೆ.

5. ಸ್ಲೈಡ್ ಪಿನ್ ಎಳೆದು, ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಚಾಸಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಸೀಮೆಎಣ್ಣೆ, ಪೆಟ್ರೋಲಿನಿಂದ ತೊಳೆಯುವುದೂ ರಬ್ಬರಿಗೆ ಕೇಡು. ಬ್ರೇಕ್ ಕ್ಲೀನರ್ ಬಳಸಿ. ಧೂಳನ್ನು ಬಾಯಿಂದಲಾಗಲಿ ಏರ್ ಪೈಪಿನಿಂದಲಾಗಲಿ ಊದಬೇಡಿ.

6. ಪಿಸ್ಟನ್ ಮೇಲೆ ಹಳೆಯ ಪ್ಯಾಡ್ ಇಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒಳಗೆ ತಳ್ಳಿ. ಸ್ಕ್ರೂಡ್ರೈವರ್ ಮೀಟಿದರೆ ಪಿಸ್ಟನ್ನಿನ ರಬ್ಬರ್ ಹರಿಯುತ್ತದೆ.

7. ಹೊಸ ಪ್ಯಾಡ್, ಹೊಸ ಕ್ಲಿಪ್ ಹಾಕಿ, ಬೋಲ್ಟನ್ನು ಕೈಪಿಡಿಯಲ್ಲಿರುವ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗಿಮಾಡಿ. ಉಜ್ಜುವ ಮುಖಕ್ಕೆ ಗ್ರೀಸಿನ ಬೆರಳು ತಾಗಕೂಡದು. ಎಡ, ಬಲ ಎರಡೂ ಬದಿ ಒಟ್ಟಿಗೇ ಬದಲಿಸಿ. ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿಮಾಡಿ, ಕೊನೆಗೆ ಟಾರ್ಕ್ ರೆಂಚ್ ಹಾಕಿ.

8. ಕಾರು ಕದಲಿಸುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ. ಇದನ್ನು ಮರೆತು ರಿವರ್ಸ್ ತೆಗೆದವರ ಮೊದಲ ಒತ್ತು ನೇರ ನೆಲಕ್ಕೆ ಹೋಗುತ್ತದೆ, ಕಾರು ಗೋಡೆಗೆ. ಕೊನೆಗೆ ಆಯಿಲ್ ಮಟ್ಟ ನೋಡಿ ಮುಚ್ಚಳ ಬಿಗಿಮಾಡಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 60ರಿಂದ 15 ಕಿ.ಮೀ.ಗೆ ಹದವಾಗಿ ಎಂಟು ಹತ್ತು ಸಲ ವೇಗ ಇಳಿಸಿ, ನಡುವೆ ಅರ್ಧ ನಿಮಿಷ ಬಿಡುವು ಕೊಡಿ. ಆಮೇಲೆ ಬ್ರೇಕ್ ಮುಟ್ಟದೆ ಐದಾರು ಕಿ.ಮೀ. ಓಡಿಸಿ ತಣಿಸಿ. ಮೊದಲ 300 ಕಿ.ಮೀ. ಜೋರು ಬ್ರೇಕ್ ಆದಷ್ಟು ತಪ್ಪಿಸಿ.

ಹಿಂದಿನ ಡ್ರಮ್ಮು

ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ. ಡ್ರಮ್ (ಒಳಗಿನಿಂದ ಒತ್ತಿ ಹಿಡಿಯುವ ಮುಚ್ಚಿದ ಬ್ರೇಕ್) ತೆಗೆಸಿ ಡಿಸ್ಕ್ ಹಾಕಿಸುವ ಖರ್ಚಿಗೆ ಅರ್ಥವಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿಸಿ ಧೂಳು ತೆಗೆಸಿ, ವೀಲ್ ಸಿಲಿಂಡರ್‌ನ ರಬ್ಬರ್ ಮುಚ್ಚಳ ಸ್ವಲ್ಪ ಎತ್ತಿ ನೋಡಿ; ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಬದಲಿಸಿ. ಕರಾವಳಿಯ ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸುವವರು ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಲಿ. ಇಲ್ಲದಿದ್ದರೆ ಡ್ರಮ್ಮಿನೊಳಗಿನ ಉಜ್ಜುವ ಪಟ್ಟಿ, ಅಂದರೆ ಲೈನರ್, ತುಕ್ಕಿನ ಜತೆ ಡ್ರಮ್ಮಿಗೆ ಅಂಟಿ ಕೂರುತ್ತದೆ.

ಘಾಟಿಯ ಲೆಕ್ಕ

ಜನ, ಲಗೇಜು ಸೇರಿ 1,200 ಕೆ.ಜಿ. ತೂಗುವ ಕಾರು 500 ಮೀಟರ್ ಎತ್ತರದ ಘಾಟಿ ಇಳಿದರೆ ಕಳೆಯಬೇಕಾದ ಶಕ್ತಿ ಸುಮಾರು 59 ಲಕ್ಷ ಜೂಲ್. ಅದೇ ಕಾರನ್ನು 100 ಕಿ.ಮೀ. ವೇಗದಿಂದ ಹನ್ನೆರಡು ಸಲ ಪೂರ್ತಿ ನಿಲ್ಲಿಸಿದರೂ ಬ್ರೇಕಿನ ಮೇಲೆ ಅಷ್ಟು ಬಿಸಿ ಬೀಳುವುದಿಲ್ಲ. ಇದನ್ನೆಲ್ಲ ಪ್ಯಾಡಿಗೇ ಹೊರಿಸಬೇಡಿ. ಎರಡನೇ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಪೆಡಲ್ ಮೇಲೆ ಕಾಲು ಊರಿಯೇ ಇಳಿಯುವ ಬದಲು ತಿರುವಿನ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ, ಬಿಟ್ಟು, ತಣಿಯಲು ಬಿಡಿ.

ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಕೆಳಗೆ ಕುಸಿದರೆ ಆಯಿಲ್ ಕುದಿದಿದೆ. ಪಟಪಟನೆ ಒತ್ತಿದರೆ ಸ್ವಲ್ಪ ಒತ್ತಡ ಮರಳಬಹುದು. ಎರಡರಲ್ಲೂ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದು ಬದಿಗೆ ನಿಲ್ಲಿಸಿ ಅರ್ಧ ಗಂಟೆಯಾದರೂ ತಣಿಯಲು ಬಿಡಿ. ಆಯಿಲ್ ಕುದಿದಿದ್ದರೆ ಅದನ್ನು ಬದಲಿಸದೆ ಇನ್ನೊಂದು ಘಾಟಿ ಇಳಿಯಬಾರದು.

ಏನೂ ತೊಂದರೆಯಿಲ್ಲದೆ ಬುಡ ತಲುಪಿದರೂ ಚಹಾದಂಗಡಿ ಕಂಡ ಕೂಡಲೇ ನಿಲ್ಲಿಸದೆ ಒಂದೆರಡು ಕಿ.ಮೀ. ನಿಧಾನವಾಗಿ ಓಡಿಸಿ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಂತರೆ ಅಲ್ಲೇ ಅದರ ಅಚ್ಚು ಕೂತು, ಮುಂದೆ ಅದುರು ಶುರುವಾಗುತ್ತದೆ. ನಿಲ್ಲಿಸಿದ ಮೇಲೂ ಚಕ್ರಕ್ಕೆ ನೀರು ಎರಚಬೇಡಿ.