ಸೆಕೆಂಡ್ ಹ್ಯಾಂಡ್ ಡಿ750 ಕೊಳ್ಳುವ ಮುನ್ನ

ನಾನು ಶಿವಮೊಗ್ಗ ಕಡೆ ಮದುವೆ ಫೋಟೋ ತೆಗೆಯುವವನು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ಹಳೆಯ ನಿಕಾನ್ ಡಿ750 ಹುಡುಕಿ ಎನ್ನುತ್ತೇನೆ. 2014ರಲ್ಲಿ ಬಂದ ಫುಲ್ ಫ್ರೇಮ್ ಕ್ಯಾಮೆರಾ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಹಳೆಯ ಫಿಲ್ಮ್ ರೀಲಿನ ಒಂದು ಚಿತ್ರದಷ್ಟೇ ದೊಡ್ಡದು. 24 ಮೆಗಾಪಿಕ್ಸೆಲ್. ಎರಡು ಎಸ್‌ಡಿ ಕಾರ್ಡ್ ಹಿಡಿಯುತ್ತದೆ. ಎರಡಕ್ಕೂ ಒಟ್ಟಿಗೆ ಫೋಟೋ ಬೀಳುವ ಹಾಗೆ ಇಟ್ಟುಕೊಂಡರೆ, ಒಂದು ಕೈಕೊಟ್ಟರೂ ಧಾರೆ ಫೋಟೋ ಉಳಿಯುತ್ತದೆ. ಧಾರೆ ಮತ್ತೆ ಎರೆಯುವುದಿಲ್ಲ ಅಲ್ವಾ?

ಮೊದಲು ಶಟರ್ ಕೌಂಟ್ ನೋಡಿ, ಅಂದರೆ ಒಳಗಿನ ಶಟರ್ ಪರದೆ ಇಲ್ಲಿವರೆಗೆ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಲೆಕ್ಕ. ಬಾಯಿಮಾತು ಸಾಲದು. ಈಗಷ್ಟೇ ತೆಗೆದ ಒಂದು ಜೆಪೆಗ್ ಕಳಿಸಿ ಅನ್ನಿ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಮೇಲ್‌ನಲ್ಲಿ ತರಿಸಿಕೊಳ್ಳಿ. ನಿಕಾನ್‌ನಲ್ಲಿ ಫೋಟೋದೊಳಗೇ ಆ ಲೆಕ್ಕ ಇರುತ್ತದೆ. ಈ ಶಟರನ್ನು ಕಂಪನಿ 1,50,000 ಕ್ಲಿಕ್‌ವರೆಗೆ ಪರೀಕ್ಷೆ ಮಾಡಿದೆ. ನನಗೆ ಒಂದು ಮದುವೆಗೆ 2,000 ಕ್ಲಿಕ್ ಮಾಮೂಲು. ಅಂದರೆ 75 ಮದುವೆ. ಅದು ದಾಟಿದ ತಕ್ಷಣ ನಿಂತುಹೋಗುತ್ತದೆ ಅಂತಲ್ಲ, ಆದರೆ ರೇಟು ಇಳಿಯಲೇಬೇಕು. ಕೆಲವು ಡಿ750ಗಳ ಶಟರ್‌ನಲ್ಲಿ ದೋಷ ಇದೆ, ಚಿತ್ರದ ಒಂದು ಭಾಗ ಕಪ್ಪಾಗಬಹುದು ಎಂದು ನಿಕಾನ್ ತಾನೇ ಹೇಳಿ ಪುಕ್ಕಟೆ ಸರಿಮಾಡಿಕೊಟ್ಟಿತ್ತು. ಆ ರಿಪೇರಿ ಆಗಿದೆಯಾ ಕೇಳಿ.

ನೋಡಲು ಹಗಲು ಹೊತ್ತಿನಲ್ಲೇ ಹೋಗಿ. ನಾನು ಒಮ್ಮೆ ಸಂಜೆ ಗಡಿಬಿಡಿಯಲ್ಲಿ ದುಡ್ಡು ಕೊಟ್ಟು ಬಂದೆ. ಮಾರನೆಯ ದಿನ ಮಂಟಪದ ಬಿಳಿ ಪರದೆ ಮೇಲೆಲ್ಲ ಒಂದು ಗೆರೆ. ಸೆನ್ಸರ್ ಮೇಲೆ ಗೀರು ಬಿದ್ದಿತ್ತು. ಇನ್ನೂ ಆ ಸಂಕಟ ಮರೆತಿಲ್ಲ. ನಿಮ್ಮದೇ ಲೆನ್ಸ್, ಎರಡು ಕಾರ್ಡ್ ಒಯ್ಯಿರಿ. ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಎಫ್16ಕ್ಕೆ ಇಟ್ಟು ಖಾಲಿ ಆಕಾಶದ ಫೋಟೋ ತೆಗೆದು, ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಮಸುಕು ಚುಕ್ಕೆ ಧೂಳಾದರೆ ಕ್ಲೀನ್ ಮಾಡಿದರೆ ಹೋಗುತ್ತದೆ. ಗೀರು ಹೋಗುವುದಿಲ್ಲ.

ಆಮೇಲೆ ಪೇಪರ್ ಹಾಸಿ, ಓರೆಯಾಗಿ ನಿಂತು, 50 ಎಂಎಂ ಲೆನ್ಸಿನಲ್ಲಿ ಎಫ್1.8ಕ್ಕೆ ಒಂದು ಸಾಲಿಗೆ ಫೋಕಸ್ ಮಾಡಿ. ವ್ಯೂಫೈಂಡರ್‌ನಲ್ಲಿ ಒಮ್ಮೆ, ಹಿಂದಿನ ಸ್ಕ್ರೀನ್ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ಒಮ್ಮೆ. ಎರಡರಲ್ಲೂ ಅದೇ ಸಾಲು ಚೂಪಾಗಿರಬೇಕು. ಸ್ವಲ್ಪ ಹಿಂದೆಮುಂದೆ ಆದರೆ ಮೆನುವಿನಲ್ಲೇ ಸರಿಮಾಡಬಹುದು, ಜಾಸ್ತಿ ಆದರೆ ಬಿಡಿ.

ಹಿಡಿಕೆಯ ರಬ್ಬರ್ ಎದ್ದಿದ್ದರೆ ಹೆದರಬೇಡಿ, ಹೊಸದು ಅಂಟಿಸಬಹುದು. ಸ್ಕ್ರೂ ತಲೆ ಸವೆದಿದ್ದರೆ ಯಾರು ಬಿಚ್ಚಿದ್ದು, ಯಾಕೆ ಅಂತ ಕೇಳಿ. ಬಿಲ್ಲಿನ ಸೀರಿಯಲ್ ನಂಬರೂ ಬಾಡಿಯ ನಂಬರೂ ಒಂದೇ ಇರಬೇಕು. ಬಿಲ್ಲೇ ಇಲ್ಲ ಅಂದರೆ ಎಷ್ಟೇ ಅಗ್ಗವಾದರೂ ನಾನು ವಾಪಸ್ ಬರುತ್ತೇನೆ. ಅದು ನಮ್ಮಂಥವನೊಬ್ಬನ ಕೈಯಿಂದ ಕದ್ದದ್ದಿರಬಹುದು.